ಬಯಲಲ್ಲಿ ಕೂತವರ ಬಿಸಿಲು, ಮಳೆ, ಚಳಿ

ಬಾಕಿ ಸಂಬಳ ಕೊಡಿ ಅಂತ ನಾವು ಧರಣಿ ಕೂತಾಗ ಚಳಿಗಾಲ ಮುಗಿಯುತ್ತಾ ಬಂದಿತ್ತು. ಎದ್ದು ಬರುವ ಹೊತ್ತಿಗೆ ಮುಂದಿನ ಚಳಿಗಾಲ ಅರ್ಧ ಕಳೆದಿತ್ತು. ನಡುವೆ ಇಡೀ ಒಂದು ಬೇಸಿಗೆ, ಇಡೀ ಒಂದು ಮಳೆಗಾಲ. ಸಂಘದವರು ಕೆಲಸ ಹಂಚಿಕೊಂಡಾಗ ಭಾಷಣ, ಮನವಿ ಪತ್ರ, ಮಾತುಕತೆ ಎಲ್ಲ ಬೇರೆಯವರ ಪಾಲಿಗೆ ಹೋಯಿತು. ಡೇರೆ, ನೀರು, ಔಷಧಿ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಹಿಂದೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ದುಡಿದಿದ್ದೆ. ಅದನ್ನು ನೋಡಿಯೇ ನನಗೆ ಒಪ್ಪಿಸಿದರು.

ಧರಣಿ ಅಂದಕೂಡಲೇ ಜನ ಪೊಲೀಸರ ಬಗ್ಗೆ ಕೇಳುತ್ತಾರೆ. ಮಾತುಕತೆ ಏನಾಯಿತು ಅಂತ ಕೇಳುತ್ತಾರೆ. ಹವಾಮಾನದ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ನಮ್ಮ ಹಾಜರಿ ಪುಸ್ತಕ ತೆಗೆದು ನೋಡಿದರೆ, ಜನ ಕಡಿಮೆಯಾದ ದಿನಗಳಲ್ಲಿ ಹೆಚ್ಚಿನವು ಬಿಸಿಲು, ಮಳೆ, ಚಳಿಯ ಲೆಕ್ಕಕ್ಕೇ ಸೇರುತ್ತವೆ. ಅದರಲ್ಲೂ ಒಂದು ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ. ಬಿರುಗಾಳಿ ಬಂದ ದಿನ ನಮ್ಮ ಜನ ಜಾಸ್ತಿಯಾದರು. ಕಡಿಮೆಯಾಗಿದ್ದು ಅದು ಹೋಗಿ ಒಂದು ವಾರ ಕಳೆದ ಮೇಲೆ. ದೊಡ್ಡ ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಹಾಸಿದ್ದು ಹೊದ್ದದ್ದು ಯಾವುದೂ ಒಣಗುತ್ತಿಲ್ಲ, ಅಂಥ ದಿನಗಳಲ್ಲಿ. ಸುದ್ದಿಯವರು ಬಿರುಗಾಳಿಯ ದಿನ ಬಂದು ಫೋಟೋ ತೆಗೆದುಕೊಂಡು ಹೋದರು. ಆ ಒಣಗದ ದಿನಗಳನ್ನು ನೋಡಿದವರು ನಾವು ಮಾತ್ರ.

ಮೊದಲು ಬಿಸಿಲಿನ ಮಾತು.

ಶುರುವಿನಲ್ಲಿ ನಮ್ಮ ಹತ್ತಿರ ಇದ್ದದ್ದು ದಪ್ಪ ಪ್ಲಾಸ್ಟಿಕ್ ಟಾರ್ಪಾಲು, ಬೊಂಬು, ಹಗ್ಗ. ನೆರಳು ಸಿಕ್ಕಿತು ಅಂತ ಎಲ್ಲರಿಗೂ ಸಮಾಧಾನ. ಬೇಸಿಗೆ ಏರಿದ ಹಾಗೆ ಆ ನೆರಳಿನ ಒಳಗೇ ಕೂರಲಾಗದ ಸ್ಥಿತಿ ಬಂತು. ಟಾರ್ಪಾಲು ಬಿಸಿಲು ಕುಡಿದು ಆ ಶಾಖವನ್ನು ನೇರ ತಲೆಯ ಮೇಲೆ ಬಿಡುತ್ತದೆ. ಕೆಳಗೆ ಡಾಂಬರು. ಗಾಳಿಯ ತಾಪಮಾನ 40 ಡಿಗ್ರಿ ಇರುವಾಗ ಬಿಸಿಲಿಗೆ ಬಿದ್ದ ಡಾಂಬರು 60 ಡಿಗ್ರಿ ದಾಟಬಹುದು. ಸಂಜೆಯಾದ ಮೇಲೂ ಅದು ಬೇಗ ತಣ್ಣಗಾಗುವುದಿಲ್ಲ. ಹಗಲೆಲ್ಲ ಮೇಲಿಂದ ಬೆಂದವರು ರಾತ್ರಿ ಕೆಳಗಿಂದ ಬೇಯುತ್ತಿದ್ದರು.

ಪೆಂಡಾಲು ಕಟ್ಟುವ ಕೆಲಸ ಗೊತ್ತಿದ್ದ ಒಬ್ಬ ಹಿರಿಯರು ಅದಕ್ಕೆ ದಾರಿ ಹೇಳಿದರು. ಟಾರ್ಪಾಲಿನ ಮೇಲೆ ಒಂದು ಅಡಿ ಜಾಗ ಬಿಟ್ಟು ಇನ್ನೊಂದು ಪದರ ಕಟ್ಟಬೇಕು. ಮೇಲಿನದು ಬಿಳಿ ಬಟ್ಟೆಯಾದರೆ ಒಳ್ಳೆಯದು. ಎರಡರ ನಡುವೆ ಗಾಳಿ ಓಡಾಡಿದರೆ ಕೆಳಗಿನ ಪದರ ಅಷ್ಟು ಕಾಯುವುದಿಲ್ಲ. ಬದಿಗಳನ್ನು ಪೂರ್ತಿ ತೆರೆದಿಡಬೇಕು. ನೆಲಕ್ಕೆ ಮೊದಲು ರಟ್ಟು, ಅದರ ಮೇಲೆ ಚಾಪೆ. ಇಷ್ಟು ಮಾಡಿದ ಮೇಲೆ ಮಧ್ಯಾಹ್ನ ಉಸಿರಾಡುವಂತಾಯಿತು. ಯಾರೋ ದೊಡ್ಡ ಫ್ಯಾನುಗಳನ್ನು ತಂದುಕೊಟ್ಟರು. ಆದರೆ ಗಾಳಿಯೇ 40 ಡಿಗ್ರಿ ದಾಟಿದಾಗ ಬರೀ ಫ್ಯಾನು ಮೈಯನ್ನು ತಂಪು ಮಾಡುವುದಿಲ್ಲ, ಇನ್ನಷ್ಟು ಕಾಯಿಸುತ್ತದೆ. ಹಾಗಾಗಿ ಅಂಥ ಹೊತ್ತಲ್ಲಿ ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡೇ ಕೂರಿ ಅಂತ ಎಲ್ಲರಿಗೂ ಹೇಳಿದೆ.

ನೀರು ನಮ್ಮಲ್ಲಿ ಬೇಕಾದಷ್ಟಿತ್ತು. ಆದರೂ ಹೆಂಗಸರಿಗೆ ತಲೆಸುತ್ತು, ಉರಿಮೂತ್ರ. ಕ್ಯಾನಿನ ಲೆಕ್ಕ ನೋಡಿದರೆ ಹೆಂಗಸರು ಕೂತ ಕಡೆ ನೀರು ಹಾಗೇ ಉಳಿಯುತ್ತಿತ್ತು. ಯಾಕೆ ಕುಡಿಯುತ್ತಿಲ್ಲ ಅಂತ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, "ಕುಡಿದರೆ ಹೋಗಬೇಕಲ್ಲಮ್ಮ, ಹೋಗೋದೆಲ್ಲಿಗೆ?" ಅಂದರು. ಅಷ್ಟೇ ವಿಷಯ. ಹತ್ತಿರದ ಶೌಚಾಲಯಕ್ಕೆ ರಸ್ತೆ ದಾಟಿ ದೂರ ನಡೆಯಬೇಕಿತ್ತು. ಸಂಜೆ ಆದ ಮೇಲೆ ಅಲ್ಲಿ ಬೆಳಕಿರಲಿಲ್ಲ. ಬಾಗಿಲಿಗೆ ಚಿಲಕವೂ ಇರಲಿಲ್ಲ.

ಸುಮ್ನೆ ಕೂತಿದ್ದರೂ ಅಂಥ ಬಿಸಿಲಲ್ಲಿ ಒಬ್ಬರಿಗೆ ದಿನಕ್ಕೆ ಮೂರ್ನಾಲ್ಕು ಲೀಟರ್ ನೀರು ಬೇಕು. ಇವರು ಅದರ ಅರ್ಧವನ್ನೂ ಕುಡಿಯುತ್ತಿರಲಿಲ್ಲ. ಸಂಘದ ಸಭೆಯಲ್ಲಿ ನಾನು ಇದನ್ನು ಎತ್ತಿದಾಗ, ಮೈಕಿನ ಬಾಡಿಗೆ ದುಡ್ಡನ್ನು ಶೌಚಾಲಯಕ್ಕೆ ತಿರುಗಿಸುವುದು ಬೇಡ ಅಂದವರೂ ಇದ್ದರು. ಬಹಳ ಹೊತ್ತು ವಾದ ನಡೆಯಿತು. ಕೊನೆಗೆ ಒಪ್ಪಿದರು. ಡೇರೆಯ ಹಿಂದೆಯೇ ಚಿಲಕ ಇರುವ, ದೀಪ ಇರುವ ಎರಡು ಶೌಚಾಲಯ ಬಂದವು. ಆ ವಾರದಿಂದಲೇ ನೀರಿನ ಕ್ಯಾನು ಬೇಗ ಬೇಗ ಖಾಲಿಯಾಗತೊಡಗಿತು. ಬಿಸಿಲಿನ ಕಾಯಿಲೆಗೆ ಔಷಧಿಗಿಂತ ಮೊದಲು ಬೇಕಾಗಿದ್ದು ಒಂದು ಬಾಗಿಲು ಅಂತ ಈಗಲೂ ಯಾರು ಕೇಳಿದರೂ ಹೇಳುತ್ತೇನೆ.

ಉಪ್ಪು ಸಕ್ಕರೆ ನೀರನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಬೇಕು, ರಾಶಿ ಮಾಡಬಾರದು. ಉಪ್ಪು ಜಾಸ್ತಿಯಾದರೆ ಅದೇ ತೊಂದರೆ. ಮೂತ್ರದ ಬಣ್ಣ ಗಾಢ ಹಳದಿ ಆದರೆ ಕಡಿಮೆ ಕುಡಿದಿದ್ದೀರಿ ಅಂತ ಅರ್ಥ, ಇದನ್ನು ಮೈಕಿನಲ್ಲೇ ಹೇಳಿಸಿದೆವು. ಮೊದಲು ಎಲ್ಲರೂ ನಕ್ಕರು. ಆಮೇಲೆ ತಾವಾಗಿಯೇ ಬಂದು ಹೇಳಲು ಶುರು ಮಾಡಿದರು.

ಮಾತ್ರೆ ತೆಗೆದುಕೊಳ್ಳುವವರ ಪಟ್ಟಿ ಮಾಡಿದ್ದು ತುಂಬಾ ಉಪಯೋಗಕ್ಕೆ ಬಂತು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೈಯ ನೀರನ್ನು ಹೊರಹಾಕುತ್ತವೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಬೆವರನ್ನೇ ಕಡಿಮೆ ಮಾಡುತ್ತವೆ. ಇಂಥವರಿಗೆ ಬಿಸಿಲಲ್ಲಿ ಅಪಾಯ ಜಾಸ್ತಿ. ಅವರು ಮಧ್ಯಾಹ್ನ ಕೂರುವುದು ಬೇಡ, ಬೆಳಗಿನ ಪಾಳಿಗೆ ಬರಲಿ ಅಂತ ತೀರ್ಮಾನ ಮಾಡಿದೆವು. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಇನ್ನೊಂದು ತಲೆನೋವು. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ರಸ್ತೆ ಬದಿಯಲ್ಲಿ ಅದು ಸಾಧ್ಯವಾ? ಎದುರಿನ ಮನೆಯೊಂದರವರು ತಮ್ಮ ಫ್ರಿಡ್ಜಿನಲ್ಲಿ ಒಂದು ಡಬ್ಬಿಗೆ ಜಾಗ ಕೊಟ್ಟರು. ಧರಣಿ ಮುಗಿಯುವವರೆಗೂ ಆ ಡಬ್ಬಿ ಅಲ್ಲೇ ಇತ್ತು.

ಒಂದು ದಿನ ನಮ್ಮ ಹಿರಿಯರೊಬ್ಬರು ಘೋಷಣೆ ಕೂಗುತ್ತಾ ಕೂಗುತ್ತಾ ಸಂಬಂಧವಿಲ್ಲದ ಮಾತು ಆಡತೊಡಗಿದರು. ಮಗನ ಹೆಸರು ಕೇಳಿದರೆ ತಡವರಿಸಿದರು. ಮೈ ಮುಟ್ಟಿದರೆ ಬೆಂಕಿ. ದೇಹದ ಉಷ್ಣತೆ 40 ಡಿಗ್ರಿ ದಾಟಿ, ಜೊತೆಗೆ ಬುದ್ಧಿ ಮಂಕಾದರೆ ಅದು ಹೀಟ್ ಸ್ಟ್ರೋಕ್. ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೆ ಕಾಯದೆ ಅಲ್ಲೇ ಅವರ ಮೈಮೇಲೆ ನೀರು ಸುರಿದೆವು. ಇಬ್ಬರು ಬೀಸಿದರು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಟ್ಟೆವು. ಯಾರೋ ಬಾಯಿಗೆ ನೀರು ಹಾಕಲು ಬಂದರು, ತಡೆದೆ. ಪ್ರಜ್ಞೆ ಸರಿಯಿಲ್ಲದವರಿಗೆ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಹೋಗಬಹುದು. ಅವರು ಉಳಿದರು. ಆದರೆ ಮತ್ತೆ ಧರಣಿಗೆ ಬರಲು ಅವರ ಮಕ್ಕಳು ಬಿಡಲಿಲ್ಲ. ಅವರ ಜಾಗದಲ್ಲಿ ಆಮೇಲೆ ಯಾರೂ ಕೂರಲಿಲ್ಲ.

ಬೇಸಿಗೆ ಮುಗಿಯುವಾಗ ಮೊದಲ ಬಿರುಗಾಳಿ. ಮಳೆ ಬಂದರೆ ಸಾಕು ಅಂತ ಕಾಯುತ್ತಿದ್ದವರಿಗೆ ಮೊದಲು ಬಂದದ್ದು ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. 30 ಕಿಲೋಮೀಟರ್ ವೇಗಕ್ಕೆ ತಡೆದ ಹಗ್ಗ 60ಕ್ಕೆ ತಡೆಯಲೇಬೇಕು ಅಂತೇನಿಲ್ಲ. ದೊಡ್ಡ ಟಾರ್ಪಾಲು ಹಡಗಿನ ಹಾಯಿಯ ಹಾಗೆ ಉಬ್ಬಿಕೊಂಡು ಎರಡು ಗೂಟಗಳನ್ನು ಕಿತ್ತುಕೊಂಡು ಎದ್ದಿತು. ಗಾಳಿಗೆ ಹಾರುವ ಬೊಂಬು ಮಳೆಗಿಂತ ಅಪಾಯ. ಎಲ್ಲರನ್ನೂ ಹೊರಗೆ ಕಳಿಸಿ, ಬದಿಯ ಹಗ್ಗ ಬಿಚ್ಚಿ ಟಾರ್ಪಾಲನ್ನು ನೆಲಕ್ಕೆ ಇಳಿಸಿಬಿಟ್ಟೆವು. ಡೇರೆ ಉಳಿಸಿಕೊಳ್ಳಬೇಕು ಅಂತ ಹಗ್ಗ ಹಿಡಿದು ಜೋತಾಡುವುದು ದೊಡ್ಡ ಅಪಾಯ. ಡೇರೆಯನ್ನು ಮತ್ತೆ ಕಟ್ಟಬಹುದು.

ಸಿಡಿಲಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಡೇರೆ ಸಿಡಿಲಿನಿಂದ ಕಾಪಾಡುವುದಿಲ್ಲ. ಮಿಂಚಿದ ಮೇಲೆ ಗುಡುಗು ಕೇಳಲು 30 ಸೆಕೆಂಡಿಗಿಂತ ಕಡಿಮೆ ಹಿಡಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೇ ಇದೆ ಅಂತ ಲೆಕ್ಕ. ಆಗ ಪಕ್ಕಾ ಕಟ್ಟಡದೊಳಗೆ ಅಥವಾ ಮುಚ್ಚಿದ ಬಸ್ಸು, ಕಾರಿನೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವ ತನಕ ಹೊರಗೆ ಬರಬಾರದು. "ನಾವು ಜಾಗ ಬಿಟ್ಟರೆ ಧರಣಿ ಮುಗಿದ ಹಾಗೆ ಆಗುತ್ತಲ್ಲ ಅಕ್ಕ" ಅಂತ ಹುಡುಗರು ವಾದ ಮಾಡಿದರು. ಅವರ ಭಯದಲ್ಲಿ ಸತ್ಯ ಇತ್ತು. ಜಾಗ ಖಾಲಿಯಾದ ಅರ್ಧ ಗಂಟೆಯಲ್ಲಿ ಸಾಮಾನು ಎತ್ತಿಸಿಬಿಡುವುದು ಹೊಸದೇನಲ್ಲ. ಅದಕ್ಕೆ ಒಂದು ಏರ್ಪಾಡು ಮಾಡಿಕೊಂಡೆವು. ಡೇರೆಯ ಎದುರಿಗೆ ಯಾವಾಗಲೂ ನಮ್ಮ ಒಂದು ವ್ಯಾನು ನಿಂತಿರುತ್ತದೆ. ಗುಡುಗಿನ ಹೊತ್ತಲ್ಲಿ ನಾಲ್ಕು ಜನ ಅದರೊಳಗೆ, ಬ್ಯಾನರ್ ಅದರ ಬದಿಗೆ. ಉಳಿದವರು ಹತ್ತಿರದ ಕಟ್ಟಡದಲ್ಲಿ. ಧರಣಿಯೂ ಉಳಿಯಿತು, ಜನರೂ ಉಳಿದರು.

ಆ ಬಿರುಗಾಳಿಯ ಸಂಜೆ ಎಷ್ಟು ಜನ ಬಂದರು ಅಂದರೆ, ನಮಗೇ ನಿಲ್ಲಲು ಜಾಗ ಇರಲಿಲ್ಲ. ಗುರುತಿಲ್ಲದವರು ಹಗ್ಗ ತಂದರು, ಟಾರ್ಚು ತಂದರು, ಒಣ ಬಟ್ಟೆ ತಂದರು. ಮನೆಗೆ ಹೋಗಿದ್ದ ನಮ್ಮವರೂ ಸುದ್ದಿ ಕೇಳಿ ವಾಪಸು ಓಡಿ ಬಂದರು. ರಾತ್ರಿಯಿಡೀ ಹಾಡಿನ ಮೇಲೆ ಹಾಡು.

ಆಮೇಲೆ ಮಳೆಗಾಲ ಕೂತಿತು.

ಟಾರ್ಪಾಲಿನ ಮೇಲೆ ನೀರು ನಿಲ್ಲುವುದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಲೆಕ್ಕ ಹಾಕಿದರೆ ಭಯವಾಗುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಟಾರ್ಪಾಲು 6 ಮೀಟರ್ ಅಗಲ, 9 ಮೀಟರ್ ಉದ್ದ. ಅಂದರೆ 54 ಚದರ ಮೀಟರ್. 20 ಮಿಲಿಮೀಟರ್ ಮಳೆಗೆ 1,080 ಲೀಟರ್, ಅಂದರೆ ಒಂದು ಟನ್ನಿಗಿಂತ ಜಾಸ್ತಿ ತೂಕ. ಇಳಿಜಾರು ಸರಿಯಿಲ್ಲದಿದ್ದರೆ ಅದರಲ್ಲಿ ಬಹುಪಾಲು ಮಲಗಿದವರ ತಲೆಯ ಮೇಲೆ ಜೋತಾಡುತ್ತದೆ. ಅದಕ್ಕೇ ನಡುವಿನ ಬೊಂಬನ್ನು ಎತ್ತರ ಮಾಡಿ ಎರಡೂ ಕಡೆ ಕಡಿದಾಗಿ ಇಳಿಸಿದೆವು. ರಾತ್ರಿ ಪಾಳಿಯವರಿಗೆ ಒಂದು ಉದ್ದ ಕೋಲು. ಎಲ್ಲಿ ಹೊಟ್ಟೆ ಬಿಟ್ಟಿದೆಯೋ ಅಲ್ಲಿ ಕೆಳಗಿನಿಂದ ಎತ್ತಿ ನೀರು ಚೆಲ್ಲುವುದು. ಮಡಿಕೆಗಳಲ್ಲಿ ಉಳಿದ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಲೇಬೇಕು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಏಳರಿಂದ ಹತ್ತು ದಿನ ಸಾಕು.

ಸುತ್ತ ಕಾಲುವೆ ತೋಡಿದೆವು, ಹಲಗೆ ಜೋಡಿಸಿ ಮಲಗುವ ಜಾಗವನ್ನು ನೆಲದಿಂದ ಒಂದು ಗೇಣು ಎತ್ತರಿಸಿದೆವು. ವಿದ್ಯುತ್ ತಂತಿಗಳನ್ನೆಲ್ಲ ನೆಲದಿಂದ ಎತ್ತಿ ಬೊಂಬಿಗೆ ಕಟ್ಟಿಸಿದೆ. ಸೋರಿಕೆಯಾದ ಕೂಡಲೇ ಕರೆಂಟು ಕಡಿಯುವ ಸ್ವಿಚ್ಚು ಹಾಕುವ ತನಕ ಮೈಕಿಗೆ ಸಂಪರ್ಕ ಕೊಡಲು ಬಿಡಲಿಲ್ಲ. ಹಾಜರಿ ಪುಸ್ತಕ, ಸಹಿ ಮಾಡಿದ ಮನವಿಗಳು, ಸಂಬಳದ ಚೀಟಿಗಳ ಪ್ರತಿಗಳು ಎಲ್ಲ ಮುಚ್ಚಳ ಬಿಗಿಯಾದ ಡಬ್ಬಿಗೆ ಹೋದವು. ಇಷ್ಟೆಲ್ಲ ಸರಿಯಾಗಿಯೇ ನಡೆಯಿತು.

ಆದರೂ ಒಣಗಲಿಲ್ಲ. ಇದನ್ನು ಅನುಭವಿಸದವರಿಗೆ ಹೇಗೆ ಹೇಳಬೇಕೋ ಗೊತ್ತಾಗುವುದಿಲ್ಲ. ಜಿಟಿಜಿಟಿ ಮಳೆ. ಕೊಡೆ ಬಿಚ್ಚುವಷ್ಟೂ ಜೋರಿಲ್ಲ, ನಿಲ್ಲುವುದೂ ಇಲ್ಲ. ಕಂಬಳಿ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಹೊದ್ದರೆ ಗೊತ್ತಾಗುತ್ತದೆ. ಬಟ್ಟೆಗೆ ಮುಗ್ಗಲು ವಾಸನೆ. ಬೆಳಗ್ಗೆ ಚಪ್ಪಲಿ ತಣ್ಣಗೆ ಅಂಟುತ್ತದೆ. ಮೊದಲು ಹಾಳಾಗಿದ್ದು ಕಾಲುಗಳು. ಬೆರಳ ಸಂದಿ ಬಿಳುಚಿ, ಸುಲಿದು, ಉರಿ. ದಿನಗಟ್ಟಲೆ ಒದ್ದೆಯಲ್ಲಿದ್ದರೆ ಪಾದದ ರಕ್ತನಾಳ, ನರಗಳಿಗೂ ಪೆಟ್ಟು ಬೀಳುತ್ತದೆ. ಅದಕ್ಕೆ ಕೊರೆಯುವ ಚಳಿಯೇ ಬೇಕು ಅಂತಿಲ್ಲ. ಔಷಧಿ ಪೆಟ್ಟಿಗೆಯಲ್ಲಿ ಮುಲಾಮು ಇತ್ತು, ಆದರೆ ಮುಲಾಮು ಹಚ್ಚಿದ ಕಾಲನ್ನು ಇಡಲು ಒಣ ಜಾಗ ಇರಲಿಲ್ಲ.

ಆಮೇಲೆ ನಿದ್ದೆ ಹೋಯಿತು. ನಿದ್ದೆ ಇಲ್ಲದವರಿಗೆ ಸಣ್ಣ ಮಾತೂ ಚುಚ್ಚುತ್ತದೆ. ಹಲಗೆಯ ಒಣ ತುದಿ ಯಾರದ್ದು ಅಂತ ಜಗಳ. ಬೇಸಿಗೆಯಲ್ಲಿ ಒಬ್ಬರಿಗೊಬ್ಬರು ಬೀಸಿದವರು ಇಲ್ಲಿ ಮುಖ ತಿರುಗಿಸಿ ಮಲಗಿದರು. ಒಬ್ಬಳು ಮಗುವಿನ ಕೆಮ್ಮು ನಿಲ್ಲದೆ ಮನೆಗೆ ಹೋದಳು, ಎರಡು ದಿನದಲ್ಲಿ ಬರುತ್ತೇನೆ ಅಂದಳು. ಬರಲಿಲ್ಲ. ಅವಳನ್ನು ಯಾರೂ ದೂರಲಿಲ್ಲ, ದೂರುವ ಹಾಗೂ ಇರಲಿಲ್ಲ. ಹೀಗೆ ಒಬ್ಬೊಬ್ಬರು. ಯಾರೂ ಧರಣಿ ಬೇಡ ಅಂತ ಹೋಗಲಿಲ್ಲ. ಕಾಲು, ಕೆಮ್ಮು, ಮಗು, ಜ್ವರ ಅಂತ ಹೋದರು.

ಮಳೆ ಬಂದರೆ ಪ್ರತಿಭಟನೆಗೆ ಜನ ಕಡಿಮೆ ಅನ್ನುವುದನ್ನು ಅರ್ಥಶಾಸ್ತ್ರಜ್ಞರು ಅಳೆದೂ ನೋಡಿದ್ದಾರೆ. ಅಮೆರಿಕದಲ್ಲಿ 2009ರ ಏಪ್ರಿಲ್ 15ರಂದು ಒಂದೇ ದಿನ ಹಲವು ಕಡೆ, ತೆರಿಗೆ ಮತ್ತು ಸರ್ಕಾರದ ಖರ್ಚು ಕಡಿಮೆಯಾಗಲಿ ಅನ್ನುವ ಟೀ ಪಾರ್ಟಿ ಚಳವಳಿಯ ಸಭೆಗಳು ನಡೆದವು. ಮಳೆ ಬಿದ್ದ ಕಡೆಗಳಲ್ಲಿ ಜನ ಕಡಿಮೆ ಸೇರಿದರು, ಮುಂದೆ ಅಲ್ಲಿ ಆ ಚಳವಳಿಯ ಬಲವೂ ಕಡಿಮೆಯಾಯಿತು ಅನ್ನುವುದು ಅವರು ಕಂಡುಕೊಂಡ ವಿಷಯ. ಒಂದು ದಿನದ ಸಭೆಗೆ ಅದು ನಿಜ. ತಿಂಗಳುಗಟ್ಟಲೆ ಕೂರುವವರ ಲೆಕ್ಕ ಬೇರೆ. ಇಲ್ಲಿ ಒಂದು ಮಳೆ ಯಾರನ್ನೂ ಎಬ್ಬಿಸುವುದಿಲ್ಲ. ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ ಒಣಗಲು ಸಮಯ ಸಿಕ್ಕಿತಾ, ಇಲ್ಲವಾ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ನಾವು ಉಳಿದದ್ದು ಸರದಿಯಿಂದ. ಯಾರೂ ಸತತವಾಗಿ ಎರಡು ರಾತ್ರಿಗಿಂತ ಜಾಸ್ತಿ ಇರಬಾರದು ಅಂತ ಕಟ್ಟುನಿಟ್ಟು ಮಾಡಿದೆವು. ಮನೆಗೆ ಹೋಗುವವರು ತಮ್ಮದಷ್ಟೇ ಅಲ್ಲ, ಇನ್ನೊಬ್ಬರ ಕಂಬಳಿಯನ್ನೂ ತೆಗೆದುಕೊಂಡು ಹೋಗಿ ಒಣಗಿಸಿ ತರಬೇಕು. ಮಲಗುವಾಗ ಹಾಕಿಕೊಳ್ಳಲು ಒಂದು ಜೊತೆ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯೇ ಇರಬೇಕು, ಹಗಲು ಅದನ್ನು ಮುಟ್ಟಬಾರದು. ಮೈಕಿನಲ್ಲಿ ಒಬ್ಬರು ಭಾಷಣ ಮಾಡುವಾಗ ನಾನು ಹಿಂದೆ ಕೂತು ಕಂಬಳಿಗಳ ಲೆಕ್ಕ ಬರೆಯುತ್ತಿದ್ದೆ. ಹೋರಾಟದ ಕೆಲಸ ಅಂದರೆ ಅದೂ ಒಂದು ಅಂತ ಆಗ ನನಗೆ ಮನಸ್ಸಿಗೆ ಬಂತು. ಹೋದವರಲ್ಲಿ ಅರ್ಧದಷ್ಟು ಜನ ಈ ಸರದಿ ಶುರುವಾದ ಮೇಲೆ ವಾಪಸು ಬಂದರು. ಮನೆಯಲ್ಲಿದ್ದುಕೊಂಡೇ ಒಣಗಿಸುವ ಕೆಲಸ ಮಾಡಿದವರ ಹೆಸರನ್ನೂ ಹಾಜರಿ ಪುಸ್ತಕದಲ್ಲಿ ಬರೆದೆವು.

ಹವಾಮಾನ ಯಾರ ಪರವೂ ಅಲ್ಲ ಅಂತಾರೆ. ಆದರೆ ಎದುರಿಗಿರುವವರು ಅದನ್ನು ಬಳಸಿಕೊಳ್ಳುತ್ತಾರೆ. ನಮಗೆ ಹೇಳಿದ್ದು ಹೀಗೆ: "ಕೂರಿ, ಯಾರು ಬೇಡ ಅಂದರು? ಶೆಡ್ಡು ಮಾತ್ರ ಹಾಕಬೇಡಿ." ಮೆತ್ತಗಿನ ಮಾತು. ಅದರ ಅರ್ಥ, ಮಳೆ ನಿಮ್ಮನ್ನು ಎಬ್ಬಿಸಲಿ ಅಂತ. ಬೇರೆ ಕಡೆಯೂ ಹೀಗೇ ಆಗಿದೆ. ನ್ಯೂಯಾರ್ಕಿನ ಝುಕೊಟ್ಟಿ ಪಾರ್ಕಿನಲ್ಲಿ ಆರ್ಥಿಕ ಅಸಮಾನತೆಯ ವಿರುದ್ಧ ಕೂತವರ ಜನರೇಟರುಗಳನ್ನು 2011ರ ಅಕ್ಟೋಬರ್ 28ರಂದು ಅಗ್ನಿಶಾಮಕ ದಳದವರು ಸುರಕ್ಷತೆಯ ಕಾರಣ ಹೇಳಿ ಎತ್ತಿಕೊಂಡು ಹೋದರು. ಮಾರನೇ ದಿನವೇ ಹಿಮ ಬಿತ್ತು. ಉತ್ತರ ಡಕೋಟಾದ ಸ್ಟ್ಯಾಂಡಿಂಗ್ ರಾಕ್ ಹತ್ತಿರ ತೈಲದ ಪೈಪ್‌ಲೈನ್ ವಿರುದ್ಧ ಕೂತಿದ್ದವರಿಗೆ 2016ರ ನವೆಂಬರ್ 28ರಂದು ಗವರ್ನರ್ ಜಾಗ ಖಾಲಿ ಮಾಡಿ ಅಂತ ಆದೇಶಿಸಿದರು. ಕೊಟ್ಟ ಕಾರಣ ಕಠಿಣ ಚಳಿ. ಕಾಳಜಿಯ ಮಾತು ಮತ್ತು ಎಬ್ಬಿಸುವ ಆದೇಶ ಒಂದೇ ಕಾಗದದಲ್ಲಿ ಬಂದರೆ ನನಗೆ ನಂಬಿಕೆ ಬರುವುದಿಲ್ಲ. 2022ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡಿನ ಸಂಸತ್ತಿನ ಹುಲ್ಲುಹಾಸಿನಲ್ಲಿ ಕೂತವರ ಮೇಲೆ ಅಲ್ಲಿನ ಸ್ಪೀಕರ್ ಸ್ಪ್ರಿಂಕ್ಲರ್ ಬಿಡಿಸಿದರು. ಹಿಂದೆಯೇ ಚಂಡಮಾರುತದ ಮಳೆ ಬಂತು. ಕೂತವರು ಒಣಹುಲ್ಲು ಹಾಸಿ, ಚರಂಡಿ ತೋಡಿ ಅಲ್ಲೇ ಉಳಿದರು. ಲಸಿಕೆ ಕಡ್ಡಾಯ ಬೇಡ ಅನ್ನುವ ಅವರ ಬೇಡಿಕೆ ನನಗೆ ಒಪ್ಪಿಗೆಯಿಲ್ಲ. ಆದರೂ ಕೂತವರ ಮೇಲೆ ನೀರು ಬಿಡುವುದು ತಪ್ಪು.

ರಾತ್ರಿ ಪಾಳಿಯಲ್ಲಿ ಇಂಥವನ್ನೆಲ್ಲ ಫೋನಿನಲ್ಲಿ ಓದಿ ಎಲ್ಲರಿಗೂ ಹೇಳುತ್ತಿದ್ದೆ. ದೆಹಲಿಯ ಗಡಿಗಳಲ್ಲಿ ಕೂತ ರೈತರ ಕಥೆಯನ್ನು ಮತ್ತೆ ಮತ್ತೆ ಕೇಳಿದರು. 2020ರ ನವೆಂಬರ್ 26ಕ್ಕೆ ಶುರು. 2021ರ ಜನವರಿ 1ರಂದು ದೆಹಲಿಯ ಕನಿಷ್ಠ ತಾಪಮಾನ 1.1 ಡಿಗ್ರಿ. ಆ ಬೆನ್ನಿಗೇ ಮಳೆ. ಮೇ ತಿಂಗಳಲ್ಲಿ ಚಂಡಮಾರುತದ ಉಳಿಕೆ ಬಂದು ಒಂದೇ ದಿನದಲ್ಲಿ 119.3 ಮಿಲಿಮೀಟರ್ ಸುರಿಯಿತು, ದೆಹಲಿಯ ಮೇ ತಿಂಗಳಿಗೆ ಅದು ದಾಖಲೆ. ಅಷ್ಟೆಲ್ಲ ದಾಟಿ ಅವರು ಎದ್ದದ್ದು ಡಿಸೆಂಬರ್ 11ಕ್ಕೆ, ಅವರು ವಿರೋಧಿಸಿದ್ದ ಕೃಷಿ ಕಾನೂನುಗಳು ವಾಪಸಾದ ಮೇಲೆ. "ಅವರು ಹೆಂಗೆ ತಡೆದರು?" ಅಂತ ಕೇಳಿದರು ನಮ್ಮವರು. ಊರೂರಿಂದ ಸರದಿಯ ಮೇಲೆ ಜನ ಬರುತ್ತಿದ್ದರು, ಸುಗ್ಗಿಗೆ ಹೋದವರ ಜಾಗಕ್ಕೆ ಬೇರೆಯವರು ಕೂರುತ್ತಿದ್ದರು ಅಂತ ಹೇಳಿದೆ. ಅದೇ ಕಾಲದಲ್ಲಿ ನೂರಾರು ಜನ ಪ್ರಾಣ ಕಳೆದುಕೊಂಡರು ಅನ್ನುವುದನ್ನೂ ಹೇಳಿದೆ. ಗೆದ್ದ ಕಥೆ ಹೇಳುವಾಗ ಅದನ್ನು ಬಿಟ್ಟು ಹೇಳುವುದು ಸರಿಯಲ್ಲ.

ಚಳಿಗಾಲ ಬರುವ ಹೊತ್ತಿಗೆ ಸರದಿ ಗಟ್ಟಿಯಾಗಿತ್ತು. ಹಾಗಾಗಿ ಚಳಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಎರಡು ಮಾತು ಮಾತ್ರ ಹೇಳಲೇಬೇಕು.

ಒಂದು, ಮುಚ್ಚಿದ ಡೇರೆಯೊಳಗೆ ಇದ್ದಿಲಿನ ಕೆಂಡ ಇಡಬಾರದು. ಚಳಿ ತಡೆಯಲು ಬದಿಗಳನ್ನೆಲ್ಲ ಕಟ್ಟಿ ಒಳಗೆ ಕೆಂಡದ ಬಾಣಲೆ ಇಟ್ಟು ಮಲಗುವುದು ಎಲ್ಲ ಕಡೆ ಇದೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗಕ್ಕೆ ಅದು 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ. ಬೆಂಕಿ ಹೊರಗೆ, ಬಯಲಲ್ಲಿ. ಮಲಗುವ ಮುಂಚೆ ಕಾಯಿಸಿಕೊಳ್ಳಿ, ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ತನ್ನಿ. ಈ ಒಂದು ವಿಷಯಕ್ಕೆ ನಾನು ರಾತ್ರಿ ಎದ್ದು ಎದ್ದು ನೋಡುತ್ತಿದ್ದೆ. 2013ರ ಕೊನೆಯಿಂದ 2014ರ ಫೆಬ್ರುವರಿವರೆಗೆ ಉಕ್ರೇನಿನ ಕೀವ್ ನಗರದ ಮೈದಾನ್ ಚೌಕದಲ್ಲಿ ಸರ್ಕಾರದ ವಿರುದ್ಧ ಕೂತವರೂ ಬಯಲಲ್ಲಿ ಪೀಪಾಯಿಗಳಲ್ಲಿ ಬೆಂಕಿ ಹಾಕಿಕೊಂಡಿದ್ದರು. ಹಿಮವನ್ನೇ ಚೀಲಗಳಿಗೆ ತುಂಬಿ ಅಡ್ಡಗೋಡೆ ಕಟ್ಟಿಕೊಂಡಿದ್ದರು. ಆ ಚಿತ್ರ ನೋಡಿ ನಮ್ಮ ಹುಡುಗರಿಗೆ ಹುರುಪು ಬಂತು.

ಎರಡನೆಯದು, ಸರದಿಯ ಮೇಲೆ ಮಾಡುತ್ತಿದ್ದ ಉಪವಾಸದ ಮಾತು. ಚಳಿಯಲ್ಲಿ ಅದನ್ನು ನಿಲ್ಲಿಸಿ ಅಂತ ನಾನು ಹಟ ಹಿಡಿದೆ. ಹೊಟ್ಟೆಯಲ್ಲಿ ಇಲ್ಲದವರ ಮೈ ಬಿಸಿ ಹುಟ್ಟಿಸಿಕೊಳ್ಳುವುದು ಕಷ್ಟ. ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅಪಾಯ ಶುರು. ನಡುಕ ನಿಂತರೆ ಚಳಿ ಹೋಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಣ್ಣಗಿರುವ ಮೈಯ ನಡುಕ ತಾನಾಗಿ ನಿಂತು, ಮಾತು ತೊದಲಿದರೆ ಅದು ಕೆಟ್ಟ ಲಕ್ಷಣ. ಕೆಲವರು ಚಳಿಗೆ ಒಂದು ಗುಟುಕು ಹಾಕಿದರೆ ಬೆಚ್ಚಗಾಗುತ್ತೆ ಅನ್ನುತ್ತಿದ್ದರು. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಾದ ಹಾಗೆ ತೋರಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಉಪವಾಸದ ಬಗ್ಗೆ ಬಿಸಿ ಬಿಸಿ ಚರ್ಚೆ ಆಯಿತು. ಹಿರಿಯ ಮುಖಂಡರೊಬ್ಬರು ಎದ್ದು, "ಅವರು ಹೇಳೋದು ಕೇಳ್ರಪ್ಪ, ನಾವು ಸಂಬಳ ತಗೊಳ್ಳೋಕೆ ಬದುಕಿರಬೇಕಲ್ವಾ" ಅಂದ ಮೇಲೆ ನಿಂತಿತು.

ಯಾರು ಕೊನೆವರೆಗೂ ಕೂತರು ಅಂತ ಪುಸ್ತಕ ನೋಡಿದರೆ ನನಗೆ ಬೇಜಾರಾಗುತ್ತದೆ, ಹೆಮ್ಮೆಯೂ ಆಗುತ್ತದೆ. ಬೇರೆ ಕೆಲಸ ಸಿಗುವ ವಯಸ್ಸಿನವರು ಬೇಗ ಹೋದರು. ಉಳಿದವರು ಹೆಚ್ಚಾಗಿ ವಯಸ್ಸಾದವರು, ಒಂಟಿ ಹೆಂಗಸರು, ಆ ಬಾಕಿ ಹಣ ಬಿಟ್ಟರೆ ಬೇರೆ ದಾರಿಯೇ ಇಲ್ಲದವರು. ಬಿಸಿಲು, ಚಳಿ ಬೇಗ ಹೊಡೆಯುವುದೂ ಇವರನ್ನೇ. ಜನರ ತಾಳ್ಮೆಯನ್ನು ಹವಾಮಾನ ಪರೀಕ್ಷೆ ಮಾಡುತ್ತದೆ ಅಂತ ದೂರದಲ್ಲಿ ನಿಂತು ಹೇಳುವವರು ಈ ಪುಸ್ತಕವನ್ನು ಒಮ್ಮೆ ನೋಡಬೇಕು. ಮಾತುಕತೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕುವುದು ಅಂದರೆ ಇವರ ಮೈಮೇಲೆ ಇನ್ನೊಂದು ತಿಂಗಳ ಮಳೆಯೋ ಚಳಿಯೋ ಹಾಕುವುದು. ಅದು ಗೊತ್ತಿದ್ದೇ ಮುಂದಕ್ಕೆ ಹಾಕುತ್ತಾರೆ ಅನ್ನುವುದು ನನ್ನ ಸಿಟ್ಟು, ಇವತ್ತಿಗೂ.

ಕೊನೆಗೆ ಲಿಖಿತ ಒಪ್ಪಂದ ಆಯಿತು. ಬಾಕಿಯನ್ನು ಕಂತಿನಲ್ಲಿ ಕೊಡುತ್ತೇವೆ ಅಂದರು. ಮೊದಲ ಕಂತು ಕೈಗೆ ಬಂದ ಮೇಲೆಯೇ ಬೊಂಬು ಬಿಚ್ಚಿದೆವು.

ಅಷ್ಟರಲ್ಲಿ ಇನ್ನೊಂದು ಸಂಘದವರು ಬಂದರು. ಅವರೂ ಕೂರಲು ಹೊರಟಿದ್ದರು, ಟಾರ್ಪಾಲು ಬೇಕಿತ್ತು. ಕೊಟ್ಟೆವು. ಹಲಗೆಗಳನ್ನೂ, ಆ ಸೋರಿಕೆ ಸ್ವಿಚ್ಚನ್ನೂ, ಉದ್ದ ಕೋಲನ್ನೂ ಕೊಟ್ಟೆವು. ಎಷ್ಟು ಜನಕ್ಕೆ ಎಷ್ಟು ದೊಡ್ಡ ಡೇರೆ ಬೇಕು ಅಂತ ಅವರು ಕೇಳಿದರು. ಮೊದಲು ಹೆಂಗಸರ ಶೌಚಾಲಯ ಎಲ್ಲಿ ಅಂತ ಗೊತ್ತು ಮಾಡಿಕೊಳ್ಳಿ ಅಂದೆ. ಆಮೇಲೆ, ನಿಮ್ಮ ಕಂಬಳಿ ಒಣಗಿಸಿಕೊಡುವ ಹತ್ತು ಮನೆ ಹುಡುಕಿ, ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ ಅಂದೆ. ಮಾತ್ರೆ ತೆಗೆದುಕೊಳ್ಳುವವರ ಪಟ್ಟಿ ಮೊದಲ ದಿನವೇ ಆಗಬೇಕು ಅಂದೆ. ಅವರಲ್ಲಿ ಒಬ್ಬ ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ಜಾಗ ನೋಡಲು ಬರುತ್ತೀರಾ ಅಕ್ಕ, ಮಳೆ ನೀರು ಯಾವ ಕಡೆ ಹರಿಯುತ್ತೆ ಅಂತ ನಮಗೆ ಗೊತ್ತಾಗುತ್ತಿಲ್ಲ ಅಂದಳು. ಆ ಮಧ್ಯಾಹ್ನವೇ ಅವರ ಜೊತೆ ಹೋದೆ.